ಸ್ಫೋಟದಿಂದ ಬೆಸೆದ ಪ್ಲೇಟಿಗೆ ಎಷ್ಟು ಶಾಖ ಕೊಡಬೇಕು? ಯಾವ ಜೋಡಿಗೆ ಯಾವ ಹೀಟ್ ಟ್ರೀಟ್‌ಮೆಂಟ್

ಕ್ಲ್ಯಾಡ್ ಪ್ಲೇಟ್ (ಒಂದು ಲೋಹದ ಮೇಲೆ ಇನ್ನೊಂದು ಲೋಹದ ಪದರ ಬೆಸೆದದ್ದು) ಲಾರಿಯಿಂದ ಇಳಿದ ಮೇಲೆ "ಇದನ್ನ ಸ್ಟ್ರೆಸ್ ರಿಲೀವ್ ಮಾಡಬೇಕಾ, ಬೇಡ್ವಾ, ಮಾಡೋದಾದ್ರೆ ಎಷ್ಟು ಡಿಗ್ರಿ?" ಅಂತ ಫೋನ್ ಮಾಡುವವರು ಪೀಣ್ಯದಲ್ಲಿ ತುಂಬಾ ಜನ ಇದ್ದಾರೆ. ಸ್ಟ್ರೆಸ್ ರಿಲೀವ್ ಅಂದರೆ ಕಾಯಿಸಿ ಒಳ ಒತ್ತಡ ಇಳಿಸುವುದು. ಫೋನ್ ಬರುವ ಹೊತ್ತಿಗೆ ತಡವಾಗಿರುತ್ತದೆ. ಪ್ಲೇಟ್ ಬಂದಾಗಿದೆ, ದುಡ್ಡು ಹೋಗಿದೆ, ಬ್ಯಾಕಿಂಗ್ ಸ್ಟೀಲಿನ (ಪದರದ ಕೆಳಗಿನ ಆಧಾರದ ಸ್ಟೀಲ್) ದಪ್ಪ ಬದಲಾಯಿಸಲು ಆಗುವುದಿಲ್ಲ. ಶಾಖದ ತೀರ್ಮಾನ ಆರ್ಡರ್ ಹಾಕುವ ಮುಂಚೆಯೇ ಆಗಬೇಕು, ಮತ್ತು ಅದನ್ನು ತೀರ್ಮಾನಿಸುವುದು ಸ್ಫೋಟದ ವಿಧಾನ ಅಲ್ಲ, ಯಾವ ಎರಡು ಲೋಹ ಸೇರಿವೆ ಅನ್ನುವುದು. ಒಂದು ಜೋಡಿಗೆ 600 ಡಿಗ್ರಿ ಏನೂ ಅಲ್ಲ. ಇನ್ನೊಂದು ಜೋಡಿ ಅಷ್ಟರೊಳಗೆ ಕರಗಿ ಹೋಗಿರುತ್ತದೆ.

ಬೆಂಗಳೂರಲ್ಲಿ ಈ ಪ್ಲೇಟುಗಳನ್ನು ಬಳಸುವವರು ಬೇರೆ ಬೇರೆ ಕಡೆ ಹರಡಿದ್ದಾರೆ. ಬೊಮ್ಮಸಂದ್ರ, ಜಿಗಣಿ ಕಡೆಯ ಔಷಧ ಮತ್ತು ಕೆಮಿಕಲ್ ಕಾರ್ಖಾನೆಗಳಿಗೆ ರಿಯಾಕ್ಟರ್, ಹೀಟ್ ಎಕ್ಸ್‌ಚೇಂಜರ್ ಕಟ್ಟಿಕೊಡುವವರಿಗೆ ಸ್ಟೇನ್‌ಲೆಸ್ ಅಥವಾ ಟೈಟೇನಿಯಂ ಕ್ಲ್ಯಾಡ್ ಬೇಕು. ಪ್ಯಾನೆಲ್ ಬೋರ್ಡ್ ಮಾಡುವವರಿಗೆ ತಾಮ್ರ-ಅಲ್ಯೂಮಿನಿಯಂ ಪಟ್ಟಿ ಬೇಕು. ಎಲ್ಲರಿಗೂ ಒಂದೇ ಉತ್ತರ ಹೇಳಿದರೆ ಯಾರಿಗಾದರೂ ನಷ್ಟ ಗ್ಯಾರಂಟಿ. ಅದಕ್ಕೇ ಜೋಡಿ ಜೋಡಿಯಾಗಿ ಬರೆಯುತ್ತಿದ್ದೇನೆ.

ಬೆಸುಗೆ ಆದಾಗ ಏನೇನು ಉಳಿದಿರುತ್ತದೆ

ಮೊದಲು ಚಿಕ್ಕದಾಗಿ ಹಿನ್ನೆಲೆ. ಸ್ಫೋಟದ ಬೆಸುಗೆಯಲ್ಲಿ ಕೆಳಗಡೆ ದಪ್ಪ ಸ್ಟೀಲ್, ಮೇಲೆ ಸ್ವಲ್ಪ ಅಂತರ ಬಿಟ್ಟು ತೆಳು ಲೋಹದ ಹಾಳೆ, ಅದರ ಮೇಲೆ ಸಿಡಿಮದ್ದು. ಸಾಮಾನ್ಯವಾಗಿ ಅಮೋನಿಯಂ ನೈಟ್ರೇಟ್ ಮಿಶ್ರಣ. ಸಿಡಿತ ಸೆಕೆಂಡಿಗೆ 2 ರಿಂದ 3 ಕಿಲೋಮೀಟರ್ ವೇಗದಲ್ಲಿ ಪ್ಲೇಟ್ ಉದ್ದಕ್ಕೂ ಓಡುತ್ತದೆ. ಮೇಲಿನ ಹಾಳೆ ಓರೆಯಾಗಿ ಬಂದು ಬಡಿದಾಗ ಎರಡೂ ಮೈಗಳ ಮೇಲಿನ ಆಕ್ಸೈಡ್ ಪೊರೆ ಜೆಟ್ ಆಗಿ ಹೊರಗೆ ಚಿಮ್ಮಿ ಹೋಗುತ್ತದೆ, ಶುದ್ಧ ಲೋಹಕ್ಕೆ ಶುದ್ಧ ಲೋಹ ಅಂಟುತ್ತದೆ. ಅಮೆರಿಕದ ಡುಪಾಂಟ್ ಕಂಪನಿ 1960ರ ದಶಕದಲ್ಲಿ ಇದನ್ನು ಕಾರ್ಖಾನೆಯ ಮಟ್ಟಕ್ಕೆ ತಂದಿತು. ಈ ಕೆಲಸಕ್ಕೆ ಸ್ಫೋಟಕದ ಲೈಸೆನ್ಸ್ ಬೇಕು, ಊರಿಂದ ದೂರದ ಬಯಲು ಬೇಕು. ಹಾಗಾಗಿ ನಮ್ಮೂರಿಗೆ ಬರುವುದು ಯಾವಾಗಲೂ ಬೆಸೆದು ಮುಗಿದ ಪ್ಲೇಟೇ.

ಆ ಪ್ಲೇಟಿನ ಒಳಗೆ ಗಮನಿಸಬೇಕಾದ್ದು ಮೂರು. ಬಾಂಡ್ ಲೈನ್, ಅಂದರೆ ಎರಡು ಲೋಹ ಸೇರುವ ಗೆರೆ, ಅಲೆ ಅಲೆಯಾಗಿರುತ್ತದೆ, ಅದರ ಎರಡೂ ಪಕ್ಕದ ತೆಳು ಪದರ ವಿಪರೀತ ಎಳೆದುಕೊಂಡು ಗಡಸಾಗಿರುತ್ತದೆ. ಅಲೆಗಳ ಸುಳಿಯಲ್ಲಿ ಅಲ್ಲಲ್ಲಿ ಕ್ಷಣಮಾತ್ರ ಕರಗಿ ಹೆಪ್ಪುಗಟ್ಟಿದ ಪುಟ್ಟ ಜೇಬುಗಳಿರುತ್ತವೆ. ಜೊತೆಗೆ ಇಡೀ ಪ್ಲೇಟಿನಲ್ಲಿ ಒಳ ಒತ್ತಡ ಇರುತ್ತದೆ. ಆದರೆ ಒಂದು ಲೋಹದ ಪರಮಾಣು ಇನ್ನೊಂದಕ್ಕೆ ನುಸುಳಲು ಸಮಯವೇ ಸಿಕ್ಕಿರುವುದಿಲ್ಲ. ಮೈಕ್ರೋಸೆಕೆಂಡುಗಳಲ್ಲಿ ಎಲ್ಲ ಮುಗಿದಿರುತ್ತದೆ. ಸಾಮಾನ್ಯ ವೆಲ್ಡಿಂಗಿನಲ್ಲಿ ಸೇರಲೇ ಒಲ್ಲದ ಲೋಹಗಳು ಇಲ್ಲಿ ಸೇರುವುದು ಇದೇ ಕಾರಣಕ್ಕೆ. ಆಮೇಲೆ ನಾವು ಕೊಡುವ ಶಾಖ ಆ ಸಮಯವನ್ನು ವಾಪಸ್ ಕೊಡುತ್ತದೆ.

ಶಾಖದಿಂದ ಲಾಭ ಏನು, ಹಾನಿ ಏನು

ಲಾಭ ಗೊತ್ತಿರುವುದೇ. ಗಡಸಾದ ಪದರದಲ್ಲಿ ಲೋಹದ ಹೊಸ ಕಣಗಳು (ಗ್ರೇನ್) ಹುಟ್ಟುತ್ತವೆ, ಹಾರ್ಡ್‌ನೆಸ್ ಇಳಿಯುತ್ತದೆ, ಬಗ್ಗಿಸಿದರೆ ಬಿರುಕು ಬಿಡುವುದಿಲ್ಲ. ಸಿಡಿತದ ಪೆಟ್ಟಿಗೆ ಬ್ಯಾಕಿಂಗ್ ಸ್ಟೀಲಿನ ಎಲಾಂಗೇಷನ್ (ಮುರಿಯದೆ ಎಳೆದುಕೊಳ್ಳುವ ಗುಣ) ಮತ್ತು ಇಂಪ್ಯಾಕ್ಟ್ ತಾಕತ್ತು ಕಡಿಮೆಯಾಗಿರುತ್ತದೆ, ಅದೂ ಸುಮಾರಾಗಿ ವಾಪಸ್ ಬರುತ್ತದೆ.

ಹಾನಿ ಬಾಂಡ್ ಲೈನಿನಲ್ಲಿ. ಎರಡು ಲೋಹ ಪರಸ್ಪರ ನುಸುಳಿ, ಅವುಗಳ ನಡುವೆ ಇಂಟರ್‌ಮೆಟಾಲಿಕ್ ಅನ್ನುವ ಗಡಸು, ಪೆಡಸು ಪದರ ಬೆಳೆಯುತ್ತದೆ. ಕೆಲವು ಜೋಡಿಗಳಲ್ಲಿ ಸ್ಟೀಲಿನ ಇಂಗಾಲ ಪಕ್ಕದ ಲೋಹಕ್ಕೆ ಓಡಿ ಅಲ್ಲಿ ಕಾರ್ಬೈಡ್ ಕಟ್ಟುತ್ತದೆ. ಒಂದೆರಡು ಮೈಕ್ರಾನ್ ಇದ್ದರೆ ಸಾಮಾನ್ಯವಾಗಿ ತೊಂದರೆ ಕಾಣುವುದಿಲ್ಲ. ದಪ್ಪ ಆಗುತ್ತಾ ಹೋದಂತೆ ಪ್ಲೇಟ್ ಅಲ್ಲೇ ಸೀಳುತ್ತದೆ.

ಇಲ್ಲಿ ಒಂದು ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಿ, ತುಂಬಾ ಉಪಯೋಗಕ್ಕೆ ಬರುತ್ತದೆ. ಈ ಪದರ ಸಾಮಾನ್ಯವಾಗಿ ಸಮಯದ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ. ಅಂದರೆ ಸೋಕಿಂಗ್ (ಅದೇ ಬಿಸಿಯಲ್ಲಿ ಹಿಡಿದಿಡುವ) ಸಮಯ 4 ಪಟ್ಟು ಮಾಡಿದರೆ ದಪ್ಪ 2 ಪಟ್ಟು ಆಗುತ್ತದೆ, ಅಷ್ಟೇ. ಆದರೆ ಉಷ್ಣತೆಗೆ ಅದು ಹಾಗೆ ನಿಧಾನವಾಗಿ ಸ್ಪಂದಿಸುವುದಿಲ್ಲ. ಡಿಗ್ರಿ ಏರಿದಂತೆ ಬೆಳವಣಿಗೆ ಭರ್ರನೆ ಜಾಸ್ತಿಯಾಗುತ್ತದೆ. ಗಂಟೆ ಜಾಸ್ತಿ ಆಯ್ತಲ್ಲ ಅಂತ ಚಿಂತೆ ಮಾಡುವವರನ್ನು ಜಾಸ್ತಿ ನೋಡುತ್ತೇನೆ. ನಿಜವಾಗಿ ಹೆದರಬೇಕಾದ್ದು ಫರ್ನೇಸಿನ ಒಂದು ಮೂಲೆ 40 ಡಿಗ್ರಿ ಜಾಸ್ತಿ ಬಿಸಿಯಾಗುವುದಕ್ಕೆ.

ಇನ್ನೊಂದು ವಿಷಯ, ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಕ್ಲ್ಯಾಡ್ ಪ್ಲೇಟಿನ ಒಳ ಒತ್ತಡವನ್ನು ಪೂರ್ತಿ ತೆಗೆಯಲು ಆಗುವುದೇ ಇಲ್ಲ. ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟಿನಲ್ಲಿ ಎರಡು ಲೋಹದ ಪಟ್ಟಿ ಬಿಸಿಗೆ ಬಾಗುತ್ತದಲ್ಲ, ಇದೂ ಅದೇ. ಕಾರ್ಬನ್ ಸ್ಟೀಲ್ ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಟೈಟೇನಿಯಂ 8.6, ಆಸ್ಟೆನಿಟಿಕ್ ಸ್ಟೇನ್‌ಲೆಸ್ ಮತ್ತು ತಾಮ್ರ ಎರಡೂ 17ರ ಹತ್ತಿರ, ಅಲ್ಯೂಮಿನಿಯಂ 23ಕ್ಕಿಂತ ಸ್ವಲ್ಪ ಜಾಸ್ತಿ, ಝಿರ್ಕೋನಿಯಂ 6ರ ಆಸುಪಾಸು. 600 ಡಿಗ್ರಿಯಲ್ಲಿ ಒತ್ತಡ ಎಲ್ಲ ಸಡಿಲ ಆಯ್ತು ಅಂದುಕೊಳ್ಳಿ. ತಣ್ಣಗಾಗುವಾಗ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ, ಟೈಟೇನಿಯಂ-ಸ್ಟೀಲಿನಲ್ಲಿ ಒಂದು ಮೀಟರ್ ಉದ್ದಕ್ಕೆ ಸುಮಾರು 2 ಮಿಲಿಮೀಟರ್ ವ್ಯತ್ಯಾಸ, ಅದನ್ನು ಬಾಂಡ್ ಲೈನ್ ಹಿಡಿದಿಟ್ಟುಕೊಳ್ಳಬೇಕು, ಆದ್ದರಿಂದ ಹೊಸ ಒತ್ತಡ ಹುಟ್ಟೇ ಹುಟ್ಟುತ್ತದೆ. ಸ್ಟೇನ್‌ಲೆಸ್ ಪದರ ಸ್ಟೀಲಿಗಿಂತ ಜಾಸ್ತಿ ಕುಗ್ಗಲು ನೋಡುತ್ತದೆ, ಕೊನೆಗೆ ಎಳೆತದಲ್ಲಿ ಉಳಿಯುತ್ತದೆ. ಟೈಟೇನಿಯಂ ಕಡಿಮೆ ಕುಗ್ಗುತ್ತದೆ, ಅದು ಅದುಮಿದ ಸ್ಥಿತಿಯಲ್ಲಿ ಉಳಿಯುತ್ತದೆ. ಕ್ಲೋರೈಡ್ ಇರುವ ದ್ರವಕ್ಕೆ ಸ್ಟೇನ್‌ಲೆಸ್ ಮೈ ಒಡ್ಡುವುದಾದರೆ ಈ ಎಳೆತ ಲೆಕ್ಕಕ್ಕೆ ಬರುತ್ತದೆ. ಸ್ಟ್ರೆಸ್ ರಿಲೀವ್ ಆಗಿದೆ ಅಂದ ಮಾತ್ರಕ್ಕೆ ಕ್ಲ್ಯಾಡ್ ಮೈಯಲ್ಲಿ ಒತ್ತಡ ಇಲ್ಲ ಅಂತ ನಂಬಬೇಡಿ.

ಸ್ಟೇನ್‌ಲೆಸ್ ಮತ್ತು ಕಾರ್ಬನ್ ಸ್ಟೀಲ್

ಎಲ್ಲಕ್ಕಿಂತ ಸಲೀಸಾದ ಜೋಡಿ ಇದು, ಎರಡೂ ಕಬ್ಬಿಣದ ವಂಶವೇ. ದಪ್ಪ ಇಂಟರ್‌ಮೆಟಾಲಿಕ್ ಪದರದ ಭಯ ಇಲ್ಲ. ಇಲ್ಲಿ ಬಾಂಡಿಗಿಂತ ಸ್ಟೇನ್‌ಲೆಸ್ಸಿನ ತುಕ್ಕು ತಡೆಯುವ ಗುಣದ ಚಿಂತೆ ಜಾಸ್ತಿ.

ಬ್ಯಾಕಿಂಗ್ ಸ್ಟೀಲ್ ದಪ್ಪ ಇದ್ದರೆ ವೆಲ್ಡಿಂಗ್ ಆದ ಮೇಲೆ ಹೀಟ್ ಟ್ರೀಟ್‌ಮೆಂಟ್ ಕಡ್ಡಾಯ. ಒತ್ತಡದ ಪಾತ್ರೆಗಳಿಗೆ ಇರುವ ಅಮೆರಿಕದ ಕೋಡ್, ಎಎಸ್‌ಎಂಇ ಸೆಕ್ಷನ್ 8ರ ಪ್ರಕಾರ ಸಾಮಾನ್ಯ ಕಾರ್ಬನ್ ಸ್ಟೀಲಿಗೆ ಇದು ಕನಿಷ್ಠ 595 ಡಿಗ್ರಿ, 25 ಮಿಲಿಮೀಟರ್ ದಪ್ಪಕ್ಕೆ ಒಂದು ಗಂಟೆ. ಆ 595 ಸರಿಯಾಗಿ ಸ್ಟೇನ್‌ಲೆಸ್ಸಿನ ಸೆನ್ಸಿಟೈಸೇಷನ್ ವಲಯದ ಒಳಗೇ ಬೀಳುತ್ತದೆ. ಸುಮಾರು 450ರಿಂದ 850 ಡಿಗ್ರಿ ನಡುವೆ ಸ್ಟೇನ್‌ಲೆಸ್ಸಿನ ಕ್ರೋಮಿಯಂ ಇಂಗಾಲದ ಜೊತೆ ಸೇರಿ ಕಣಗಳ ಅಂಚಿನಲ್ಲಿ ಕಾರ್ಬೈಡ್ ಆಗಿ ಕೂತುಬಿಡುತ್ತದೆ. ಅಂಚಿನ ಪಕ್ಕದಲ್ಲಿ ಕ್ರೋಮಿಯಂ ಕೊರತೆ ಆಗಿ ಅಲ್ಲಿಂದ ತುಕ್ಕು ಒಳಗೆ ಇಳಿಯುತ್ತದೆ.

ಪರಿಹಾರ ಸುಲಭ. ಸುಮ್ನೆ 304 ತಗೋಬೇಡಿ, 304ಎಲ್ ಅಥವಾ 316ಎಲ್ ತಗೊಳ್ಳಿ, ಇಂಗಾಲ ಶೇ. 0.03ರ ಒಳಗೆ ಇರುತ್ತದೆ. ಸೋಕಿಂಗ್ ತುಂಬಾ ಹೊತ್ತು ಆಗುವುದಾದರೆ ಟೈಟೇನಿಯಂ ಸೇರಿಸಿದ 321 ಅಥವಾ ನಿಯೋಬಿಯಂ ಸೇರಿಸಿದ 347. ಶಾಖ ಮುಗಿದ ತುಂಡನ್ನು, ಕಣಗಳ ಅಂಚಿನ ಈ ತೊಂದರೆಯನ್ನು ಪತ್ತೆ ಮಾಡುವ ಎಎಸ್‌ಟಿಎಂ ಎ262 ಪರೀಕ್ಷೆಗೆ ಕಳಿಸಿ. ಶಾಖ ಕೊಡುವ ಮುಂಚಿನ ತುಂಡು ಕಳಿಸಿ ಪಾಸ್ ಆಯ್ತು ಅಂದರೆ ಅದರಿಂದ ಏನೂ ತಿಳಿಯುವುದಿಲ್ಲ.

ನಾರ್ಮಲೈಸಿಂಗ್ ಮಾಡಬಹುದಾ? 900 ಡಿಗ್ರಿ ದಾಟಿಸಿ ಗಾಳಿಯಲ್ಲಿ ತಣಿಸುವುದು ಈ ಜೋಡಿಯಲ್ಲಿ ಆಗುವ ಮಾತೇ, ಹಾಟ್ ಫಾರ್ಮಿಂಗ್ ಮಾಡಿದ (ಕಾಯಿಸಿ ಒತ್ತಿದ) ಡಿಶ್ ಎಂಡಿಗೆ, ಅಂದರೆ ಪಾತ್ರೆಯ ಉಬ್ಬಿದ ತುದಿಗೆ, ಕೆಲವೊಮ್ಮೆ ಬೇಕೂ ಆಗುತ್ತದೆ. ಆದರೆ ಅಷ್ಟು ಬಿಸಿಯಲ್ಲಿ ಸ್ಟೀಲಿನ ಇಂಗಾಲ ಸ್ಟೇನ್‌ಲೆಸ್ ಕಡೆಗೆ ಚೆನ್ನಾಗಿ ಹರಿಯುತ್ತದೆ, ಬಾಂಡ್ ಲೈನಿನ ಸ್ಟೀಲ್ ಪಕ್ಕ ಮೆದುವಾದ ಫೆರೈಟ್ ಪಟ್ಟಿ ಉಳಿಯುತ್ತದೆ, ಸ್ಟೇನ್‌ಲೆಸ್ ಪಕ್ಕ ಕಾರ್ಬೈಡ್ ಪಟ್ಟಿ. ನನ್ನ ಸಲಹೆ, ಮೊದಲೇ ನಾರ್ಮಲೈಸ್ ಆದ ಬ್ಯಾಕಿಂಗ್ ಪ್ಲೇಟ್ ಕೊಟ್ಟು ಕ್ಲ್ಯಾಡ್ ಮಾಡಿಸಿ, ಆಮೇಲೆ ಬರೀ ಸ್ಟ್ರೆಸ್ ರಿಲೀವ್ ಸಾಕು.

ಕ್ಲ್ಯಾಡ್ ಪದರ ಡ್ಯೂಪ್ಲೆಕ್ಸ್ (ಎರಡು ರಚನೆ ಬೆರೆತ ಸ್ಟೇನ್‌ಲೆಸ್) ಆಗಿದ್ದರೆ ಈ ಉತ್ತರ ಪೂರ್ತಿ ಉಲ್ಟಾ. 2205ನಂಥ ಡ್ಯೂಪ್ಲೆಕ್ಸಿಗೆ 475 ಡಿಗ್ರಿ ಆಸುಪಾಸಿನಲ್ಲಿ ಒಂದು ಪೆಡಸುತನ ಬರುತ್ತದೆ, 600 ದಾಟಿದರೆ ಸಿಗ್ಮಾ ಅನ್ನುವ ಇನ್ನೊಂದು ಪೆಡಸು ಹಂತ ಶುರುವಾಗುತ್ತದೆ. ಅದನ್ನು ಸರಿ ಮಾಡಲು 1000 ಡಿಗ್ರಿ ದಾಟಿಸಿ ನೀರಿಗೆ ಅದ್ದಬೇಕು. ಅದು ಬ್ಯಾಕಿಂಗ್ ಸ್ಟೀಲಿಗೆ ಒಗ್ಗುವುದಿಲ್ಲ. ಹಾಗಾಗಿ ಡ್ಯೂಪ್ಲೆಕ್ಸ್ ಬೇಕೇ ಬೇಕು ಅಂದರೆ ಹೀಟ್ ಟ್ರೀಟ್‌ಮೆಂಟ್ ಕಡ್ಡಾಯ ಆಗದಷ್ಟು ತೆಳು ಬ್ಯಾಕಿಂಗ್ ಇಟ್ಟು ಡಿಸೈನ್ ಮಾಡಿಸಿ. ಅದೊಂದೇ ನೆಮ್ಮದಿಯ ದಾರಿ.

ಟೈಟೇನಿಯಂ ಮತ್ತು ಸ್ಟೀಲ್

ಜಾಸ್ತಿ ಬರೆಯಬೇಕಾದ್ದು ಇದರ ಬಗ್ಗೆಯೇ. ಪ್ಲೇಟ್ ದುಬಾರಿ, ಹಾಳಾದರೆ ರಿಪೇರಿ ಇಲ್ಲ. ಟೈಟೇನಿಯಂ ಮತ್ತು ಸ್ಟೀಲನ್ನು ಕರಗಿಸಿ ವೆಲ್ಡ್ ಮಾಡಲು ಆಗದ ಕಾರಣ, ಬಾಂಡ್ ಬಿಚ್ಚಿಕೊಂಡರೆ ವೆಲ್ಡ್ ಹಾಕಿ ಹಿಡಿಸುವ ಮಾತೇ ಇಲ್ಲ.

ಕ್ಲ್ಯಾಡಿಂಗಿಗೆ ಸಾಮಾನ್ಯವಾಗಿ ಮೆದುವಾದ ಗ್ರೇಡ್ 1 ಟೈಟೇನಿಯಂ ಬಳಸುತ್ತಾರೆ, ಅದಕ್ಕಾಗಿ ಶಾಖ ಬೇಕಾಗುವುದಿಲ್ಲ. ಶಾಖ ಬೇಕಾಗುವುದು ಸ್ಟೀಲಿನ ದಪ್ಪಕ್ಕಾಗಿ. ಆಗ ಮುಂದೆ ಎರಡು ದಾರಿ. ಒಂದು, ಕೋಡಿನ 595 ಡಿಗ್ರಿ, 25 ಮಿಲಿಮೀಟರಿಗೆ 1 ಗಂಟೆ. ಇನ್ನೊಂದು, ಅದೇ ಕೋಡಿನಲ್ಲಿ ಕಾರ್ಬನ್ ಸ್ಟೀಲಿಗೆ ಕೊಟ್ಟಿರುವ ವಿನಾಯಿತಿ, 540 ಡಿಗ್ರಿ, 25 ಮಿಲಿಮೀಟರ್ ವರೆಗಿನ ದಪ್ಪಕ್ಕೆ 4 ಗಂಟೆ.

ನಾನು 540ರ ಪರ. ಬಾಂಡ್ ಲೈನಿನಲ್ಲಿ ಬೆಳೆಯುವ ಪದರದ ಲೆಕ್ಕ ಹಾಕಿದರೆ ಎರಡಕ್ಕೂ ಅಂಥಾ ದೊಡ್ಡ ವ್ಯತ್ಯಾಸ ಇಲ್ಲ, 4 ಗಂಟೆ ಅಂದರೆ ದಪ್ಪ 2 ಪಟ್ಟು, ಡಿಗ್ರಿ ಇಳಿದದ್ದರಿಂದ ಅದರಲ್ಲಿ ದೊಡ್ಡ ಪಾಲು ವಾಪಸ್. ಕಾರಣ ಬೇರೆ ಇದೆ. 595 ಅನ್ನುವುದು ಕನಿಷ್ಠ. ಫರ್ನೇಸಿನ ತಣ್ಣನೆ ಮೂಲೆ 595 ಮುಟ್ಟಬೇಕು ಅಂದರೆ ಬಿಸಿ ಮೂಲೆ 630 ದಾಟಿರುತ್ತದೆ. 540ಕ್ಕೆ ಇಟ್ಟರೆ ಬಿಸಿ ಮೂಲೆಯೂ 575ರ ಒಳಗೇ ಉಳಿಯುತ್ತದೆ. ಕರೆಂಟ್, ಡೀಸೆಲ್ ಖರ್ಚು ಸ್ವಲ್ಪ ಜಾಸ್ತಿ ಆಗಬಹುದು, ಪ್ಲೇಟಿನ ಬೆಲೆ ಮುಂದೆ ಅದು ಲೆಕ್ಕವೇ ಅಲ್ಲ.

ಇನ್ನೂ ಮೇಲೆ ಹೋದರೆ ಏನಾಗುತ್ತದೆ ಅನ್ನುವುದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದವರು ಆಮೇಲೆ ಡಿಗ್ರಿ ಬಗ್ಗೆ ವಾದ ಮಾಡುವುದಿಲ್ಲ. ತುಂಡನ್ನು ಕತ್ತರಿಸಿ, ಮೌಂಟ್ ಮಾಡಿ, ಪಾಲಿಶ್ ಹೊಡೆದು ನೈಟಾಲ್ (ನೈಟ್ರಿಕ್ ಆಮ್ಲ ಬೆರೆತ ಆಲ್ಕೋಹಾಲ್) ಹಚ್ಚಿದರೆ ಸ್ಟೀಲ್ ಪಕ್ಕ ಮಾತ್ರ ಬಣ್ಣ ಹಿಡಿಯುತ್ತದೆ, ಟೈಟೇನಿಯಂ ಬೆಳ್ಳಗೆ ಹೊಳೆಯುತ್ತಾ ಉಳಿಯುತ್ತದೆ. ಶಾಖ ಕೊಡದ ತುಂಡಿನಲ್ಲಿ ಅಲೆ ಸ್ಪಷ್ಟ. ಅಲೆಯ ತುದಿಯ ಹತ್ತಿರ ಸ್ಟೀಲಿನ ಕಣಗಳು ಉದ್ದಕ್ಕೆ ಎಳೆದುಕೊಂಡು ಒಂದರ ಮೇಲೊಂದು ಒರಗಿರುತ್ತವೆ. ಸುಳಿಯ ಒಳಗೆ ಬೂದು ಬಣ್ಣದ ಜೇಬು, ಅದರಲ್ಲಿ ಕೂದಲೆಳೆಯಂಥ ಬಿರುಕು ಇದ್ದರೂ ಇರಬಹುದು. 550 ಡಿಗ್ರಿ ಕಂಡ ತುಂಡಿನಲ್ಲಿ ಅಲೆ ಹಾಗೇ ಇರುತ್ತದೆ, ರೇಖೆ ಶುಭ್ರ, ಗಡಸುತನ ಇಳಿದಿರುತ್ತದೆ. 850 ದಾಟಿದ ತುಂಡೇ ಬೇರೆ. ಬಾಂಡ್ ಲೈನಿಗೆ ಅಂಟಿಕೊಂಡು ಸ್ಟೀಲ್ ಪಕ್ಕದಲ್ಲಿ ಇಂಗಾಲ ಕಳಕೊಂಡ ಬಿಳೀ ಪಟ್ಟಿ, ರೇಖೆಯಲ್ಲಿ ಕಪ್ಪು ಪದರ, ಟೈಟೇನಿಯಂ ಪಕ್ಕದಲ್ಲಿ ಸೂಜಿ ಸೂಜಿಯಾದ ರಚನೆ. ಆ ತುಂಡಿನ ಅಂಚಿಗೆ ಚಿಸೆಲ್ ಇಟ್ಟು ಸುತ್ತಿಗೆಯಲ್ಲಿ ಹೊಡೆದು ನೋಡಿ, ಒಳ್ಳೆ ಬಾಂಡ್ ಬಗ್ಗುತ್ತದೆ, ಹರಿಯುತ್ತದೆ, ಇದು ಟಪ್ ಅಂತ ಬಿಟ್ಟುಕೊಳ್ಳುತ್ತದೆ.

ಇದರ ಹಿಂದಿನ ಕಾರಣ ಸರಳ. ಟೈಟೇನಿಯಂಗೆ ಇಂಗಾಲ ಕಂಡರೆ ತಡೆಯಲಾಗದಷ್ಟು ಆಸೆ. ಬಿಸಿಯಾದಾಗ ಸ್ಟೀಲಿನ ಇಂಗಾಲವನ್ನು ಎಳೆದುಕೊಂಡು ಟೈಟೇನಿಯಂ ಕಾರ್ಬೈಡ್ ಕಟ್ಟುತ್ತದೆ. ಪದರ ತೆಳುವಾಗಿದ್ದಾಗ ಇದು ಕಬ್ಬಿಣ ಆಚೆ ದಾಟದಂತೆ ಅಡ್ಡ ನಿಲ್ಲುತ್ತದೆ, ಒಂದು ಮಟ್ಟಿಗೆ ಒಳ್ಳೆಯದೇ. ಆದರೆ 882 ಡಿಗ್ರಿಯಲ್ಲಿ ಶುದ್ಧ ಟೈಟೇನಿಯಂ ತನ್ನ ರಚನೆ ಬದಲಿಸಿ ಬೀಟಾ ಹಂತಕ್ಕೆ ಹೋಗುತ್ತದೆ, ಕಬ್ಬಿಣ ಸೇರಿದ ಕಡೆ ಅದಕ್ಕಿಂತ ಕೆಳಗೇ ಹೋಗುತ್ತದೆ. ಆ ಹಂತದಲ್ಲಿ ಕಬ್ಬಿಣ ತುಂಬಾ ವೇಗವಾಗಿ ಒಳಗೆ ನುಗ್ಗುತ್ತದೆ. ಕಾರ್ಬೈಡಿನ ಜೊತೆಗೆ ಕಬ್ಬಿಣ-ಟೈಟೇನಿಯಂ ಸಂಯುಕ್ತಗಳೂ ಕಟ್ಟುತ್ತವೆ. ಆಗ ಶಿಯರ್ ಬಲ, ಅಂದರೆ ಪದರಗಳು ಜಾರಿ ಬೇರ್ಪಡದಂತೆ ತಡೆಯುವ ಬಲ, ಕುಸಿಯುತ್ತದೆ. ಎಎಸ್‌ಟಿಎಂ ಬಿ898 ಕೇಳುವ ಕನಿಷ್ಠ ಶಿಯರ್ ಬಲ ಸುಮಾರು 138 ಮೆಗಾಪಾಸ್ಕಲ್. ಒಳ್ಳೆ ಬಾಂಡ್ ಇದ್ದರೆ, 540 ಡಿಗ್ರಿ ಕಂಡ ಮೇಲೂ ಅದನ್ನು ಆರಾಮಾಗಿ ದಾಟಬೇಕು.

ಡಿಶ್ ಎಂಡ್ ಮಾಡಿಸುವವರಿಗೆ ಒಂದು ಮಾತು. ಫಾರ್ಮಿಂಗ್ ಶಾಪಿನ ಬಿಸಿಯೂ ಹೀಟ್ ಟ್ರೀಟ್‌ಮೆಂಟೇ. ಸ್ಟೇನ್‌ಲೆಸ್ ಕ್ಲ್ಯಾಡ್ ಮಾಡಿ ಅಭ್ಯಾಸ ಇರುವ ಕಡೆ ಟೈಟೇನಿಯಂ ಕ್ಲ್ಯಾಡ್ ಕೊಟ್ಟರೆ ಅದೇ 900ಕ್ಕೆ ಬಿಸಿ ಮಾಡಿ ಒತ್ತುತ್ತಾರೆ, ಅವರ ತಪ್ಪಲ್ಲ, ಯಾರೂ ಹೇಳಿರುವುದಿಲ್ಲ. ಕೋಲ್ಡ್ ಫಾರ್ಮಿಂಗ್ ಮಾಡಿ ಆಮೇಲೆ ಸ್ಟ್ರೆಸ್ ರಿಲೀವ್ ಅಂತ ಡ್ರಾಯಿಂಗಿನಲ್ಲೇ ಬರೆಯಿರಿ. ಡೊಂಕಾದ ಪ್ಲೇಟನ್ನು ಗ್ಯಾಸ್ ಟಾರ್ಚ್ ಹಾಕಿ ನೆಟ್ಟಗೆ ಮಾಡುವುದಂತೂ ಬೇಡವೇ ಬೇಡ. ಅಲ್ಲಿ ಎಷ್ಟು ಡಿಗ್ರಿ ಆಯ್ತು ಅಂತ ಯಾವ ಚಾರ್ಟಿನಲ್ಲೂ ಬರುವುದಿಲ್ಲ.

ಝಿರ್ಕೋನಿಯಂ-ಸ್ಟೀಲಿಗೂ ಇದೇ ತರ್ಕ, ಇನ್ನೂ ಬಿಗಿಯಾಗಿ. ಹಿಗ್ಗುವ ವ್ಯತ್ಯಾಸ ಅದರಲ್ಲಿ ಜಾಸ್ತಿ, ಆದ್ದರಿಂದ ಏರಿಸುವುದೂ ಇಳಿಸುವುದೂ ನಿಧಾನವಾಗಬೇಕು.

ಅಲ್ಯೂಮಿನಿಯಂ ಮತ್ತು ಸ್ಟೀಲ್

ಉತ್ತರ ಒಂದೇ ಸಾಲು: ಫರ್ನೇಸಿಗೆ ಹಾಕಬೇಡಿ.

ಕಬ್ಬಿಣ-ಅಲ್ಯೂಮಿನಿಯಂ ಸಂಯುಕ್ತಗಳು ತುಂಬಾ ಪೆಡಸು, ಬೆಳೆಯುವುದೂ ಬೇಗ. ಹಡಗು ಕಟ್ಟುವವರು ಸ್ಟೀಲ್ ಡೆಕ್ಕಿನ ಮೇಲೆ ಅಲ್ಯೂಮಿನಿಯಂ ಕೋಣೆ ಕೂರಿಸಲು ಬಳಸುವ ಟ್ರಾನ್ಸಿಷನ್ ಪಟ್ಟಿ ಇದೇ ಜೋಡಿ. ಕೆಳಗೆ ಸ್ಟೀಲ್, ನಡುವೆ ಶುದ್ಧ ಅಲ್ಯೂಮಿನಿಯಂ, ಮೇಲೆ 5083 ಅಥವಾ 5086 ಮಿಶ್ರಲೋಹ. ಅದನ್ನು ವೆಲ್ಡ್ ಮಾಡುವಾಗಲೂ ಬಾಂಡ್ ಲೈನ್ 300 ಡಿಗ್ರಿ ಆಸುಪಾಸು ದಾಟಬಾರದು ಅನ್ನುವುದು ಪಾಲಿಸಿಕೊಂಡು ಬಂದ ಮಿತಿ. ಪಟ್ಟಿಯ ಅಗಲ ಅಲ್ಯೂಮಿನಿಯಂ ಗೋಡೆಯ ದಪ್ಪದ 4 ಪಟ್ಟು ಇಡುವ ರೂಢಿ ಇದೆ, ಶಾಖ ಮತ್ತು ಭಾರ ಎರಡೂ ಹರಡಿಕೊಳ್ಳಲಿ ಅಂತ. ಒಂದೇ ಸಲಕ್ಕೆ ಉದ್ದ ವೆಲ್ಡ್ ಎಳೆಯದೆ, ನಡುವೆ ತಣಿಯಲು ಬಿಟ್ಟು, ಟೆಂಪರೇಚರ್ ಚಾಕ್‌ಪೀಸ್ ಗೀಚಿ ನೋಡುತ್ತಾ ಹೋಗಬೇಕು.

ಸ್ಟೀಲ್ ಭಾಗಕ್ಕೆ ಸ್ಟ್ರೆಸ್ ರಿಲೀವ್ ಬೇಕೇ ಬೇಕಿದ್ದರೆ ಕ್ರಮ ಬದಲಿಸಿ. ಸ್ಟೀಲ್ ಕೆಲಸ ಎಲ್ಲ ಮುಗಿಸಿ, ಅದನ್ನು ಫರ್ನೇಸಿಗೆ ಹಾಕಿ ತೆಗೆದು, ಆಮೇಲೆ ಟ್ರಾನ್ಸಿಷನ್ ಪಟ್ಟಿ ಕೂರಿಸಿ. ಸರ್ವೀಸಿನಲ್ಲೇ ಬಿಸಿ ಇರುತ್ತದೆ ಅಂದರೆ ಟೈಟೇನಿಯಂ ನಡುಪದರ ಇರುವ ಪಟ್ಟಿ ಕೇಳಿ. ಟೈಟೇನಿಯಂ ಮತ್ತು ಅಲ್ಯೂಮಿನಿಯಂ ನಡುವಿನ ಪದರ ಕಬ್ಬಿಣದ ಜೊತೆ ಬೆಳೆಯುವುದಕ್ಕಿಂತ ತುಂಬಾ ನಿಧಾನ. ಬೆಲೆ ಏರುತ್ತದೆ, ಏರಲಿ. ಶಾಖದ ಮಿತಿಯನ್ನು ಜಗ್ಗಾಡುವುದಕ್ಕಿಂತ ನಡುಪದರಕ್ಕೆ ದುಡ್ಡು ಹಾಕುವುದು ವಾಸಿ.

ಅಲ್ಯೂಮಿನಿಯಂ ಮತ್ತು ತಾಮ್ರ

ಪ್ಯಾನೆಲ್ ಬೋರ್ಡ್, ಬಸ್‌ಬಾರ್ ಕೆಲಸದವರಿಗೆ ಇದು. ಅಲ್ಯೂಮಿನಿಯಂ ಬಸ್‌ಬಾರಿಂದ ತಾಮ್ರದ ಟರ್ಮಿನಲ್‌ಗೆ ಹೋಗುವ ಕಡೆ ಈ ಪಟ್ಟಿ ಹಾಕುತ್ತಾರೆ. ಬಸ್‌ಬಾರಿನ ಮಾಮೂಲಿ ಬಿಸಿ 100 ಡಿಗ್ರಿ ಆಸುಪಾಸು. ಅದಕ್ಕೆ ಈ ಬಾಂಡ್ ಚೆನ್ನಾಗಿ ತಡೆಯುತ್ತದೆ. ತೊಂದರೆ ಶುರುವಾಗುವುದು 200 ದಾಟಿದ ಮೇಲೆ, 300ಕ್ಕೆ ಹೋದರೆ ಪದರ ಬೇಗ ಬೇಗ ದಪ್ಪವಾಗುತ್ತದೆ. ಬಲದ ಜೊತೆಗೆ ಇಲ್ಲಿ ವಿದ್ಯುತ್ ರೆಸಿಸ್ಟೆನ್ಸ್ ಸಹ ಏರುತ್ತದೆ, ಅದರಿಂದ ಇನ್ನಷ್ಟು ಬಿಸಿ, ಅದರಿಂದ ಇನ್ನಷ್ಟು ಪದರ. 548 ಡಿಗ್ರಿಯಲ್ಲಿ ಈ ಜೋಡಿಯ ಯುಟೆಕ್ಟಿಕ್, ಅಂದರೆ ಎರಡೂ ಬೆರೆತು ಕರಗುವ ಅತಿ ಕಡಿಮೆ ಬಿಸಿ. ಅಲ್ಯೂಮಿನಿಯಂ ಒಂಟಿಯಾಗಿ 660ಕ್ಕೆ ಕರಗುವಂಥದ್ದು, ತಾಮ್ರದ ಪಕ್ಕದಲ್ಲಿದ್ದರೆ 548ಕ್ಕೇ ಬಾಂಡ್ ಲೈನ್ ದ್ರವ ಆಗುತ್ತದೆ.

ಹಾಗಾಗಿ ಬಗ್ಗಿಸಲು ಅನುಕೂಲ ಆಗಲಿ ಅಂತ ತಾಮ್ರ ಮೆದು ಮಾಡಲು ಪಟ್ಟಿಯನ್ನು ಕಾಯಿಸಬೇಡಿ. ಬೆಂಡ್ ರೇಡಿಯಸ್ ದೊಡ್ಡದು ಮಾಡಿ, ಇಲ್ಲವೇ ಬೆಸೆದ ಜಾಗದಿಂದ ದೂರ ಬಗ್ಗಿಸಿ. ಪಟ್ಟಿಯ ತಾಮ್ರದ ಮೈಗೆ ಸಿಲ್ವರ್ ಬ್ರೇಜಿಂಗ್ ಮಾಡುತ್ತೇನೆ ಅನ್ನುವವರನ್ನು ತಡೆಯಿರಿ, ಆ ಬಿಸಿ 600 ದಾಟುತ್ತದೆ. ಬೋಲ್ಟ್ ಹಾಕಿ. ಸದಾಶಿವನಗರದ ಸಿಪಿಆರ್‌ಐನಂಥ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಕಡೆ ಟೆಂಪರೇಚರ್ ರೈಸ್ ಟೆಸ್ಟಿಗೆ ಪ್ಯಾನೆಲ್ ಕಳಿಸುವವರು ಈ ಪಟ್ಟಿಯ ಮೇಲೂ ಒಂದು ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಕೂರಿಸಲು ಕೇಳಿಕೊಳ್ಳಿ, ಸಾಮಾನ್ಯವಾಗಿ ಬೋಲ್ಟ್ ಜಾಯಿಂಟುಗಳಿಗೇ ಗಮನ ಹೋಗಿ ಇದು ಬಿಟ್ಟುಹೋಗುತ್ತದೆ.

ತಾಮ್ರ ಮತ್ತು ಸ್ಟೀಲ್

ಇಲ್ಲಿ ಧಾರಾಳವಾಗಿರಿ. ತಾಮ್ರ ಮತ್ತು ಕಬ್ಬಿಣ ಸೇರಿ ಇಂಟರ್‌ಮೆಟಾಲಿಕ್ ಕಟ್ಟುವುದೇ ಇಲ್ಲ. ಸ್ಟೀಲಿಗೆ ಬೇಕಾದ 600 ಡಿಗ್ರಿ ಕೊಡಿ, ಬಾಂಡ್ ಕೆಡುವುದಿಲ್ಲ. ತಾಮ್ರ ಮೆತ್ತಗಾಗುತ್ತದೆ ಅಷ್ಟೇ, ಅದರ ಬಲವನ್ನು ಲೆಕ್ಕಕ್ಕೆ ಹಿಡಿದಿದ್ದರೆ ಮಾತ್ರ ಯೋಚಿಸಬೇಕು. ಒಂದು ಎಚ್ಚರ ಸಾಕು: ಆಮ್ಲಜನಕ ಇರುವ ಸಾಮಾನ್ಯ ಎಲೆಕ್ಟ್ರಿಕಲ್ ತಾಮ್ರವನ್ನು ಹೈಡ್ರೋಜನ್ ಇರುವ ಫರ್ನೇಸ್ ಗಾಳಿಯಲ್ಲಿ ಕಾಯಿಸಿದರೆ ಒಳಗೆ ಹಬೆ ಹುಟ್ಟಿ ಕಣಗಳ ಅಂಚು ಬಿರಿಯುತ್ತದೆ. ಆಕ್ಸಿಜನ್ ಫ್ರೀ ತಾಮ್ರ ತಗೊಂಡರೆ ಆ ಚಿಂತೆ ಇಲ್ಲ. ತಾಮ್ರ ಎರಡೂ ಕಡೆ ಹೊಂದಿಕೊಳ್ಳುವ ಲೋಹ ಆದ್ದರಿಂದಲೇ ಟ್ಯಾಂಟಲಮ್ ಕ್ಲ್ಯಾಡ್ ಮಾಡುವಾಗ ಸ್ಟೀಲಿನ ನಡುವೆ ತಾಮ್ರದ ಪದರ ಇಡುತ್ತಾರೆ.

ಫರ್ನೇಸ್ ಮುಂದೆ ನಿಂತಾಗ

ಜಾಬ್ ವರ್ಕ್ ಮಾಡುವ ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ಆಗುವ ಮಾತು ಹೀಗಿರುತ್ತದೆ, ಚಾರ್ಜ್ ಅಂದರೆ ಫರ್ನೇಸಿಗೆ ಒಂದು ಸಲಕ್ಕೆ ಹಾಕುವ ಲೋಡ್. "ಸರ್, ನಾಳೆ ಬೆಳಿಗ್ಗೆ ಒಂದು ಫ್ಯಾಬ್ರಿಕೇಷನ್ ಚಾರ್ಜ್ ಇದೆ, 620ಕ್ಕೆ. ನಿಮ್ದೂ ಅದರ ಜೊತೆಗೇ ಹಾಕ್ಬಿಡ್ಲಾ? ರೇಟು ಕಮ್ಮಿ ಮಾಡ್ಕೊಡ್ತೀನಿ." ಕಾರ್ಬನ್ ಸ್ಟೀಲ್ ಕೆಲಸಕ್ಕೆ ಇದು ಒಳ್ಳೆ ಮಾತು. ಟೈಟೇನಿಯಂ ಕ್ಲ್ಯಾಡ್ ಇದ್ದರೆ "ಬೇಡ ಅಣ್ಣ, ಇದಕ್ಕೆ ಪ್ರತ್ಯೇಕ ಚಾರ್ಜೇ ಆಗಬೇಕು" ಅಂತ ಖಡಾಖಂಡಿತ ಹೇಳಿ. 540ರ ಕೆಲಸ 620ರ ಜೊತೆ ಹೋಗಲು ಆಗುವುದಿಲ್ಲ, ಜೊತೆಗೆ ತುಕ್ಕು ಹಿಡಿದ ಕಬ್ಬಿಣದ ಪುಡಿ ಟೈಟೇನಿಯಂ ಮೈಮೇಲೆ ಬೀಳುತ್ತದೆ.

ಥರ್ಮೋಕಪಲ್ ಕೆಲಸದ ಮೈಗೇ ಅಂಟಿರಬೇಕು, ಫರ್ನೇಸಿನ ಗೋಡೆಯದ್ದು ಸಾಲದು. ಸ್ಟೀಲ್ ಪಕ್ಕಕ್ಕೆ ಕೂರಿಸಿ, ದಪ್ಪ ಜಾಗಕ್ಕೊಂದು ತೆಳು ಜಾಗಕ್ಕೊಂದು. ಬರ್ನರಿನ ಬೆಂಕಿ ನೇರವಾಗಿ ಕ್ಲ್ಯಾಡ್ ಮೈಗೆ ತಾಗಬಾರದು. ಎಣ್ಣೆ ಅಥವಾ ಗ್ಯಾಸ್ ಫರ್ನೇಸ್ ಆದರೆ ಗಾಳಿ ಸ್ವಲ್ಪ ಜಾಸ್ತಿ ಬಿಟ್ಟು ಉರಿಸಲು ಹೇಳಿ, ಹೊಗೆಯಾಡುವ ಉರಿಯಲ್ಲಿ ಟೈಟೇನಿಯಂ ಹೈಡ್ರೋಜನ್ ಹೀರಿಕೊಂಡು ಪೆಡಸಾಗುತ್ತದೆ. ಒಳಗೆ ಹಾಕುವ ಮುಂಚೆ ಟೈಟೇನಿಯಂ ಮೈ ಚೆನ್ನಾಗಿ ತೊಳೆದು ಒರೆಸಿ, ಕೈ ಬೆವರಿನ ಉಪ್ಪು ಸಹ ಬಿಸಿಯಲ್ಲಿ ಕೆಲಸ ಕೆಡಿಸುತ್ತದೆ. ಕ್ಲೋರಿನ್ ಇರುವ ಕ್ಲೀನರ್ ಹತ್ತಿರಕ್ಕೂ ತರಬೇಡಿ. ಹೊರಗೆ ತೆಗೆದಾಗ ಒಣಹುಲ್ಲಿನ ಹಳದಿ ಬಣ್ಣ, ನೀಲಿ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಪಿಕ್ಲಿಂಗಿಗೆ (ಆಮ್ಲದಲ್ಲಿ ತೊಳೆದರೆ) ಹೋಗುತ್ತದೆ. ಬೂದು ಬಣ್ಣದ ಸಿಪ್ಪೆ ಕಂಡರೆ ಫರ್ನೇಸಿನ ಬಿಸಿಯ ಚಾರ್ಟ್ ತೆಗೆದು ನೋಡಿ.

ಸೋಕಿಂಗ್ ನಡುವೆ ಕರೆಂಟ್ ಹೋಗಿ ತಣ್ಣಗಾಗಿ ಮತ್ತೆ ಏರಿಸಿದರೆ, ಮೊದಲಿನ ಗಂಟೆಗಳನ್ನು ಬಿಟ್ಟು ಲೆಕ್ಕ ಹಾಕುವುದು ರೂಢಿ. ಸ್ಟೀಲಿಗೆ ಅದು ಸರಿ. ಬಾಂಡ್ ಲೈನ್ ಮಾತ್ರ ಎಲ್ಲ ಗಂಟೆಗಳನ್ನೂ ಕೂಡಿಸಿಕೊಂಡು ಹೋಗಿರುತ್ತದೆ. ಎರಡೂ ಲೆಕ್ಕ ಬೇರೆ ಬೇರೆ ಬರೆದಿಡಿ.

ಆರ್ಡರಿನಲ್ಲಿ ಏನು ಬರೆಯಬೇಕು

ಸಪ್ಲೈಯರ್ ಕೊಡುವ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಶಿಯರ್ ಬಲ ಚೆನ್ನಾಗಿ ಕಾಣುತ್ತದೆ. ಆ ತುಂಡು ಯಾವ ಸ್ಥಿತಿಯದ್ದು ಅಂತ ಕೇಳಿ. ಬೆಸೆದ ಹಾಗೇ ಪರೀಕ್ಷೆ ಮಾಡಿದ್ದರೆ ಆ ಅಂಕಿ ನಿಮ್ಮ ಪಾತ್ರೆಗೆ ಸಂಬಂಧಿಸಿದ್ದಲ್ಲ. ನಿಮ್ಮ ಪ್ಲೇಟ್ ಜೀವಮಾನದಲ್ಲಿ ಕಾಣುವ ಎಲ್ಲ ಶಾಖವನ್ನೂ ಟೆಸ್ಟ್ ತುಂಡು ಕಂಡಿರಬೇಕು: ಸಪ್ಲೈಯರ್ ಮಾಡುವ ಸ್ಟ್ರೆಸ್ ರಿಲೀವ್, ಫಾರ್ಮಿಂಗ್ ಆದ ಮೇಲಿನದ್ದು, ನಿಮ್ಮ ಶಾಪಿನ ವೆಲ್ಡಿಂಗ್ ನಂತರದ್ದು, ಅದರ ಮೇಲೆ ರಿಪೇರಿಗೆ ಅಂತ ಒಂದು ಸುತ್ತು ಹೆಚ್ಚುವರಿ. ಇದನ್ನು ಸಿಮ್ಯುಲೇಟೆಡ್ ಹೀಟ್ ಟ್ರೀಟ್‌ಮೆಂಟ್ ಅನ್ನುತ್ತಾರೆ, ಡಿಗ್ರಿ ಮತ್ತು ಒಟ್ಟು ಗಂಟೆ ಎರಡನ್ನೂ ಆರ್ಡರಿನಲ್ಲಿ ಅಂಕಿಯಲ್ಲಿ ಬರೆಯಿರಿ. ಸ್ಟೇನ್‌ಲೆಸ್ ಕ್ಲ್ಯಾಡಿಗೆ ಎಎಸ್‌ಟಿಎಂ ಎ264 ಕೇಳುವುದು 140 ಮೆಗಾಪಾಸ್ಕಲ್ ಶಿಯರ್.

ಶಿಯರ್ ಒಂದನ್ನೇ ನಂಬಬೇಡಿ. ಪೆಡಸು ಪದರ ಇದ್ದರೂ ಶಿಯರ್ ಅಂಕಿ ಕೆಲವೊಮ್ಮೆ ಪಾಸ್ ಆಗಿಬಿಡುತ್ತದೆ, ಸೈಡ್ ಬೆಂಡ್ ಟೆಸ್ಟಿನಲ್ಲಿ ಸಿಕ್ಕಿಬೀಳುತ್ತದೆ. ಬಗ್ಗಿದ ತುಂಡಿನ ಹೊರಮೈಯಲ್ಲಿ ಬಾಂಡ್ ಲೈನನ್ನು ಲೆನ್ಸ್ ಹಿಡಿದು ನೋಡಿ. ಅಲ್ಟ್ರಾಸಾನಿಕ್ ಎರಡು ಸಲ ಮಾಡಿಸಿ, ಶಾಖದ ಮುಂಚೆ ಒಂದು, ಆದ ಮೇಲೆ ಒಂದು, ಒಂದೇ ಗ್ರಿಡ್ಡಿನಲ್ಲಿ. ಮೊದಲ ಸಲ ಮಾಡಿಸದಿದ್ದರೆ ಎರಡನೇ ಸಲ ಕಂಡ ಬಿಚ್ಚಿಕೊಂಡ ಜಾಗ ಪ್ಲೇಟಿನ ಜೊತೆ ಬಂದದ್ದೋ ಫರ್ನೇಸಿನಲ್ಲಿ ಆದದ್ದೋ ಅಂತ ಜಗಳ ಶುರುವಾಗುತ್ತದೆ, ಅದು ಮುಗಿಯುವುದೇ ಇಲ್ಲ. ಪ್ಲೇಟಿನ ಅಂಚಿನ ತುಂಡು ಒಂದನ್ನು ಹೀಟ್ ನಂಬರ್ (ಲೋಹ ಕರಗಿಸಿದ ಬ್ಯಾಚಿನ ಸಂಖ್ಯೆ) ಪಂಚ್ ಮಾಡಿ ಎತ್ತಿಡಿ. ಮುಂದೆ ರಿಪೇರಿಗೆ ಇನ್ನೊಂದು ಸುತ್ತು ಶಾಖ ಕೊಡಬೇಕಾಗಿ ಬಂದರೆ, ಪಾತ್ರೆಗಿಂತ ಮೊದಲು ಆ ತುಂಡನ್ನು ಫರ್ನೇಸಿಗೆ ಹಾಕಿ ಬಗ್ಗಿಸಿ ನೋಡಬಹುದು.